ತಾಳಮದ್ದಳೆಯನ್ನು ಡಿಜಿಟಲ್ ಮಿಕ್ಸರ್‌ನಿಂದ ಬೇರೆ ಬೇರೆ ಟ್ರ್ಯಾಕ್‌ನಲ್ಲಿ ರೆಕಾರ್ಡ್ ಮಾಡಬೇಕು, ಅನುಭವ ಇದ್ದವರು ಹೇಳಿ

ಕೇಳಿದವರು: ಕುಂದಾಪುರ ಕಡೆ, ಮೈಕ್‌ಸೆಟ್ ಕೆಲಸ

ಎಲ್ಲರಿಗೂ ನಮಸ್ಕಾರ. ನಮ್ಮದು ಊರಿನ ಮೈಕ್‌ಸೆಟ್. ಬೆಹ್ರಿಂಗರ್ ಎಕ್ಸ್32 ಮಿಕ್ಸರ್ ಇದೆ. ವೇದಿಕೆ ಮೇಲೆ ಎಸ್16 ಸ್ಟೇಜ್ ಬಾಕ್ಸ್ (ಅಲ್ಲಿನ ಮೈಕ್‌ಗಳನ್ನು ಚುಚ್ಚುವ ಪೆಟ್ಟಿಗೆ) ಇಟ್ಟು, ಒಂದೇ ಕ್ಯಾಟ್ ಕೇಬಲ್ ಎಳೆದು ಮಿಕ್ಸರ್‌ನ ಎಇಎಸ್50 ಎ ಪೋರ್ಟಿಗೆ ಕೊಡುತ್ತೇವೆ. ಮುಂದಿನ ತಿಂಗಳು ಒಂದು ದೊಡ್ಡ ತಾಳಮದ್ದಳೆ (ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಇದೆ. ಸಂಘಟಕರಿಗೆ ಒಳ್ಳೆಯ ರೆಕಾರ್ಡಿಂಗ್ ಬೇಕಂತೆ. ಪ್ರತಿ ಮೈಕ್ ಬೇರೆ ಬೇರೆ ಟ್ರ್ಯಾಕ್‌ನಲ್ಲಿ ಬೇಕು, ಆಮೇಲೆ ಕೂತು ಮಿಕ್ಸ್ ಮಾಡಬೇಕು.

ಪಾತ್ರದ ಮಾತಾಡುವ ಅರ್ಥಧಾರಿಗಳಿಗೆ 5 ಮೈಕ್, ಪದ್ಯ ಹಾಡುವ ಭಾಗವತರಿಗೆ 1, ಮದ್ದಳೆಗೆ 2, ಚಂಡೆಗೆ 1, ಶ್ರುತಿಪೆಟ್ಟಿಗೆಯ ಲೈನ್ 1, ಸಭೆ ಕಡೆಗೆ 2. ಈ ಹನ್ನೆರಡೂ ಸ್ಟೇಜ್ ಬಾಕ್ಸ್‌ಗೆ. ನಿರೂಪಕರ ಕಾರ್ಡ್‌ಲೆಸ್ ಮೈಕಿನ ರಿಸೀವರ್ ಮಾತ್ರ ನನ್ನ ಪಕ್ಕದಲ್ಲೇ ಇರುತ್ತೆ. ಅದು ಮಿಕ್ಸರ್ ಹಿಂದಿನ 1ನೇ ಸಾಕೆಟ್‌ಗೆ ಹೋಗಿ, 17ನೇ ಚಾನೆಲ್‌ನಲ್ಲಿ ಬರುತ್ತೆ.

ಸಣ್ಣ ಕಾರ್ಯಕ್ರಮದಲ್ಲಿ ಲ್ಯಾಪ್‌ಟಾಪ್‌ಗೆ ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕಿ ನೋಡಿದೆ. ಲ್ಯಾಪ್‌ಟಾಪ್‌ನಲ್ಲಿ 32 ಇನ್‌ಪುಟ್ ಕಾಣುತ್ತೆ. ಸ್ಪೀಕರ್‌ನಲ್ಲಿ ಎಲ್ಲಾ ಸರಿಯಾಗಿ ಕೇಳುತ್ತೆ. ಆದರೆ ರೆಕಾರ್ಡಿಂಗ್‌ನಲ್ಲಿ 1ನೇ ಟ್ರ್ಯಾಕ್‌ನಲ್ಲಿ ನಿರೂಪಕರ ಧ್ವನಿ ಬಿಟ್ಟರೆ ಉಳಿದದ್ದೆಲ್ಲ ಖಾಲಿ. ಇನ್ನೊಂದು ಪ್ರಶ್ನೆ: ಇಕ್ಯೂ (ಧ್ವನಿಯ ದಪ್ಪ, ತೆಳು ಹೊಂದಿಸುವುದು), ಕಂಪ್ರೆಸರ್ (ಜೋರು ಧ್ವನಿ ತಗ್ಗಿಸುವುದು) ಹಾಕಿದ ಧ್ವನಿಯನ್ನೇ ರೆಕಾರ್ಡ್ ಮಾಡಬೇಕಾ, ಹಸಿಯಾಗಿಯೇ ತೆಗೆದುಕೊಳ್ಳಬೇಕಾ?

ಉಡುಪಿ, ಲೈವ್ ಸೌಂಡ್ ಎಂಜಿನಿಯರ್

ಮಾರಾಯ್ರೆ, ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ನಿರೂಪಕರ ಧ್ವನಿ 17ನೇ ಟ್ರ್ಯಾಕ್‌ನಲ್ಲಿ ಬರದೆ 1ನೇ ಟ್ರ್ಯಾಕ್‌ನಲ್ಲಿ ಬಂತಲ್ಲ, ಅದನ್ನು ನೋಡಿ. ಅವರ ರಿಸೀವರ್ ಇರುವುದು ಮಿಕ್ಸರ್ ಹಿಂದಿನ 1ನೇ ಸಾಕೆಟ್‌ನಲ್ಲಿ. ಅಂದರೆ ಲ್ಯಾಪ್‌ಟಾಪ್‌ಗೆ ಹೋಗುತ್ತಿರುವುದು ಚಾನೆಲ್ ಅಲ್ಲ, ಸಾಕೆಟ್. ಮಿಕ್ಸರ್ ಹಿಂದಿನ ಸಾಕೆಟ್‌ಗಳಲ್ಲಿ ಬೇರೇನೂ ಇಲ್ಲ, ಹಾಗಾಗಿ ಉಳಿದ ಟ್ರ್ಯಾಕ್ ಖಾಲಿ.

ಎಕ್ಸ್32ರಲ್ಲಿ ಚಾನೆಲ್‌ಗೆ ಏನು ಬರಬೇಕು ಎನ್ನುವುದು ಒಂದು ಲೆಕ್ಕ, ಲ್ಯಾಪ್‌ಟಾಪ್‌ಗೆ ಧ್ವನಿ ಕಳಿಸುವ ಯುಎಸ್‌ಬಿ ಕಾರ್ಡ್‌ಗೆ ಏನು ಹೋಗಬೇಕು ಎನ್ನುವುದು ಬೇರೆಯೇ ಲೆಕ್ಕ. ಒಂದನ್ನು ಬದಲಾಯಿಸಿದರೆ ಇನ್ನೊಂದು ತಾನಾಗಿ ಬದಲಾಗಲ್ಲ. ಸ್ಟೇಜ್ ಬಾಕ್ಸ್ ಹಾಕಿದಾಗ ನೀವು ಇನ್‌ಪುಟ್ಸ್ ಪುಟದಲ್ಲಿ 1-8, 9-16 ಎರಡನ್ನೂ ಎಇಎಸ್50 ಎ ಕಡೆಗೆ ತಿರುಗಿಸಿದ್ದೀರಿ. ಅದಕ್ಕೇ ಸ್ಪೀಕರ್‌ನಲ್ಲಿ ಎಲ್ಲಾ ಕೇಳುತ್ತೆ. ಕಾರ್ಡ್ ಪುಟದಲ್ಲಿ ಮಾತ್ರ ಇನ್ನೂ ಲೋಕಲ್ 1-8, ಲೋಕಲ್ 9-16 (ಅಂದರೆ ಮಿಕ್ಸರ್ ಹಿಂದಿನ ಸಾಕೆಟ್) ಅಂತಲೇ ಕೂತಿದೆ.

ರೂಟಿಂಗ್ (ಯಾವ ಧ್ವನಿ ಎಲ್ಲಿಗೆ ಎಂಬ ಜೋಡಣೆ) ಬಟನ್ ಒತ್ತಿ ಕಾರ್ಡ್ ಪುಟಕ್ಕೆ ಹೋಗಿ. ಎಂಟೆಂಟರ ನಾಲ್ಕು ಕಂಬ ಕಾಣುತ್ತೆ. 1-8ಕ್ಕೆ ಎಇಎಸ್50 ಎ 1-8 ಕೊಡಿ. 9-16ಕ್ಕೆ ಎಇಎಸ್50 ಎ 9-16. 17-24ಕ್ಕೆ ಲೋಕಲ್ 1-8, ಆಗ ನಿರೂಪಕರು 17ನೇ ಟ್ರ್ಯಾಕ್‌ಗೆ ಬರುತ್ತಾರೆ. ಚಾನೆಲ್ ನಂಬರ್, ಟ್ರ್ಯಾಕ್ ನಂಬರ್ ಒಂದೇ ಇರುವುದು ಬಹಳ ಮುಖ್ಯ, ವಾಪಸ್ ಪ್ಲೇ ಮಾಡುವಾಗ ಅದರ ಬೆಲೆ ಗೊತ್ತಾಗುತ್ತೆ. 25-32ಕ್ಕೆ ಔಟ್ 9-16 ಕೊಡಿ. ಔಟ್ 15, 16ರಲ್ಲಿ ಮೇನ್ ಎಲ್, ಆರ್ (ಮುಖ್ಯ ಮಿಕ್ಸ್‌ನ ಎಡ, ಬಲ) ಇದ್ದರೆ ನಿಮ್ಮ ಹಾಲ್ ಮಿಕ್ಸ್ 31, 32ನೇ ಟ್ರ್ಯಾಕ್‌ನಲ್ಲಿ ಬರುತ್ತೆ. ಯಾವ ಪದ್ಯ ಎಲ್ಲಿ ಎಂದು ಹುಡುಕಲು ಅದು ಬೇಕಾಗುತ್ತೆ.

ಮಿಕ್ಸರ್ ಒಳಗಿನ ಸಾಫ್ಟ್‌ವೇರ್ (ಫರ್ಮ್‌ವೇರ್) 4ರ ನಂತರ ಯೂಸರ್ ಔಟ್ ಎಂಬ ಸೌಲಭ್ಯ ಬಂದಿದೆ. ಅದರಲ್ಲಿ ಎಂಟರ ಗುಂಪಿನ ಹಂಗಿಲ್ಲದೆ ಒಂದೊಂದೇ ಟ್ರ್ಯಾಕ್ ಜೋಡಿಸಬಹುದು. ಒಳ್ಳೆಯದೇ, ಆದರೆ ನಿಮ್ಮ ಕೆಲಸಕ್ಕೆ ಅದು ಬೇಕಿಲ್ಲ. ವೇದಿಕೆ ಮೇಲೆ ಗಡಿಬಿಡಿ ಆದಾಗ ಎಂಟರ ಗುಂಪು ಕಣ್ಣಿಗೆ ಬೇಗ ಸಿಗುತ್ತೆ.

ಇನ್ನೊಂದು. ಹಳೆಯ ಸೀನ್ (ಸೇವ್ ಮಾಡಿಟ್ಟ ಮಿಕ್ಸರ್ ಸೆಟ್ಟಿಂಗ್) ಲೋಡ್ ಮಾಡಿದರೆ ರೂಟಿಂಗ್ ಕೂಡ ಹಳೆಯದಕ್ಕೆ ಹೋಗಬಹುದು. ಸೀನ್‌ನ ಸೇಫ್ ಪುಟದಲ್ಲಿ ರೂಟಿಂಗ್ ಅನ್ನು ಸೇಫ್ ಮಾಡಿಡಿ. ಕಾರ್ಯಕ್ರಮದ ಮಧ್ಯೆ ಸೀನ್ ಬದಲಾಯಿಸುವವರಿಗೆ ಇದು ಕಡ್ಡಾಯ.

ಮಂಗಳೂರು, ಚರ್ಚ್ ಕಾಯರ್ ರೆಕಾರ್ಡಿಂಗ್ ಮಾಡುವವರು

ನಿಮಗೆ 32 ಇನ್‌ಪುಟ್ ಕಾಣುತ್ತಿದೆ, ಹಾಗಾಗಿ ನಿಮ್ಮ ಕನೆಕ್ಷನ್ ಸರಿ ಇದೆ. ಮುಂದೆ ಓದುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮಿಕ್ಸರ್ ಹಿಂದೆ ಎರಡು ಚೌಕ ಯುಎಸ್‌ಬಿ ಪೋರ್ಟ್ ಇವೆ. ಒಂದು ರಿಮೋಟ್ ಕಂಟ್ರೋಲ್‌ಗೆ, ಅದರಲ್ಲಿ ಧ್ವನಿ ಬರಲ್ಲ. ಧ್ವನಿ ಬರುವುದು ಸ್ಲಾಟ್‌ನಲ್ಲಿ ಕೂತಿರುವ ಕಾರ್ಡ್‌ನ ಪೋರ್ಟ್‌ನಿಂದ. ಮೇಲ್ಗಡೆ ಪೆನ್‌ಡ್ರೈವ್ ಹಾಕುವ ಪೋರ್ಟ್ ಎರಡು ಟ್ರ್ಯಾಕ್ ಮಾತ್ರ ರೆಕಾರ್ಡ್ ಮಾಡುತ್ತೆ. ಸೆಟಪ್‌ನಲ್ಲಿ ಕಾರ್ಡ್ ಪುಟ ತೆರೆದು ಯುಎಸ್‌ಬಿ 32/32 ಇದೆಯಾ ನೋಡಿ. 8/8 ಇದ್ದರೆ ಎಂಟೇ ಕಾಣುವುದು. ವಿಂಡೋಸ್‌ಗೆ ಕಂಪನಿಯ ಎಎಸ್ಐಒ ಡ್ರೈವರ್ ಹಾಕಬೇಕು, ಮ್ಯಾಕ್‌ಗೆ ಬೇಕಿಲ್ಲ.

ಸ್ಯಾಂಪಲ್ ರೇಟ್ 48 ಕಿಲೋಹರ್ಟ್ಜ್ ಇಡಿ. ಮಿಕ್ಸರ್, ರೀಪರ್ ಎರಡರಲ್ಲೂ ಅದೇ ಇರಲಿ. ವಿಡಿಯೋದವರ ಧ್ವನಿಯೂ 48ರಲ್ಲೇ ಇರುವುದರಿಂದ ಆಮೇಲೆ ಜೋಡಿಸುವುದು ಸುಲಭ. ಬಫರ್ (ಲ್ಯಾಪ್‌ಟಾಪ್ ಒಮ್ಮೆಗೆ ಹಿಡಿದಿಡುವ ಧ್ವನಿಯ ತುಣುಕು) 512 ಅಥವಾ 1024 ಇಡಿ. ಲ್ಯಾಪ್‌ಟಾಪ್ ಮೂಲಕ ಯಾರೂ ಕೇಳಿಸಿಕೊಳ್ಳುತ್ತಿಲ್ಲ, ತಡ ಆದರೆ ತೊಂದರೆ ಇಲ್ಲ.

ಮೈಸೂರು, ಸ್ಟುಡಿಯೋದಲ್ಲಿ ಮಿಕ್ಸಿಂಗ್ ಮಾಡುವವರು

ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ: ಹಸಿಯಾಗಿಯೇ ತೆಗೆದುಕೊಳ್ಳಿ. ಇಂಥ ರೆಕಾರ್ಡಿಂಗ್‌ಗಳು ನನ್ನ ಬಳಿ ಬರುತ್ತಲೇ ಇರುತ್ತವೆ. ಹಾಲ್‌ನಲ್ಲಿ ಫೀಡ್‌ಬ್ಯಾಕ್ ಆಗದಿರಲಿ ಎಂದು ಕತ್ತರಿಸಿದ ಇಕ್ಯೂ ರೆಕಾರ್ಡಿಂಗ್‌ನಲ್ಲೂ ಸೇರಿದ್ದರೆ, ಅರ್ಥಧಾರಿಯ ಧ್ವನಿ ತೆಳುವಾಗಿರುತ್ತೆ. ಕತ್ತರಿಸಿದ್ದನ್ನು ಪೂರ್ತಿ ವಾಪಸ್ ತರಲು ಆಗಲ್ಲ. ಹಾಲ್‌ಗೆ ಬೇಕಾದ ಧ್ವನಿ ಬೇರೆ, ಮನೆಯಲ್ಲಿ ಹೆಡ್‌ಫೋನ್ ಹಾಕಿ ಕೇಳುವವರಿಗೆ ಬೇಕಾದದ್ದು ಬೇರೆ.

ಧ್ವನಿಯನ್ನು ತೋಡಿನ ನೀರು ಅಂದುಕೊಳ್ಳಿ. ಮೈಕ್‌ನಿಂದ ಪ್ರೀಆಂಪ್ (ಧ್ವನಿ ಏರಿಸುವ ಮೊದಲ ಹಂತ), ಅಲ್ಲಿಂದ ಲೋ ಕಟ್ (ತಳದ ಸದ್ದು ತೆಗೆಯುವುದು), ಗೇಟ್ (ಸದ್ದು ಕಡಿಮೆಯಾದರೆ ಮುಚ್ಚಿಕೊಳ್ಳುವುದು), ಇಕ್ಯೂ, ಕಂಪ್ರೆಸರ್, ಕೊನೆಗೆ ಫೇಡರ್ (ಮೇಲೆ ಕೆಳಗೆ ಜಾರಿಸುವ ಧ್ವನಿ ಗುಂಡಿ). ನೀವು ಎಲ್ಲಿ ಕಾಲುವೆ ಒಡೆಯುತ್ತೀರೋ ಅಲ್ಲಿಯವರೆಗಿನ ನೀರು ಮಾತ್ರ ನಿಮ್ಮ ಗದ್ದೆಗೆ. ಮೇಲೆ ಉಡುಪಿಯವರು ಹೇಳಿದ ಎಇಎಸ್50 ಎ, ಲೋಕಲ್ ಎರಡೂ ಪ್ರೀಆಂಪ್ ಆದ ಕೂಡಲೇ ಒಡೆಯುವ ಜಾಗ. ಅದರ ಪರಿಣಾಮ ಮೂರು.

ಮೊದಲನೆಯದು, ಗೇನ್ (ಪ್ರೀಆಂಪ್ ಎಷ್ಟು ಏರಿಸಬೇಕು ಎಂಬುದು) ಮುಟ್ಟಿದರೆ ರೆಕಾರ್ಡಿಂಗ್ ಕೂಡ ಏರಿಳಿಯುತ್ತೆ. ಸೌಂಡ್ ಚೆಕ್‌ನಲ್ಲಿ ಗೇನ್ ಇಟ್ಟ ಮೇಲೆ ಕಾರ್ಯಕ್ರಮದಲ್ಲಿ ಫೇಡರ್ ಮಾತ್ರ ಮುಟ್ಟಿ. ಮಾತು ಸರಾಸರಿ ಮೈನಸ್ 18 ಡಿಬಿ ಸುತ್ತ ಇರಲಿ, ತುದಿ ಮೈನಸ್ 10 ದಾಟದಿರಲಿ. ಸೌಂಡ್ ಚೆಕ್‌ಗೆ ಅರ್ಥಧಾರಿಗಳು ಮೆಲ್ಲಗೆ ‘ಹಲೋ’ ಅಂದು ಹೋಗುತ್ತಾರೆ. ಸಂವಾದ ಕಾವೇರಿದಾಗ ಅದೇ ಧ್ವನಿ 10 ಡಿಬಿಗಿಂತ ಜಾಸ್ತಿ ಏರುತ್ತೆ. ಭಾಗವತರ ಏರುಪದವೂ ಹಾಗೇ. 24 ಬಿಟ್‌ನಲ್ಲಿ ಸ್ವಲ್ಪ ಕಡಿಮೆ ಮಟ್ಟದಲ್ಲಿ ರೆಕಾರ್ಡ್ ಆದರೆ ನಷ್ಟವೇನೂ ಇಲ್ಲ, ಮಟ್ಟ ಮೀರಿ ಧ್ವನಿ ಒಡೆದರೆ ಮಾತ್ರ ಸರಿಪಡಿಸಲು ಆಗಲ್ಲ.

ಎರಡನೆಯದು, ಎಕ್ಸ್32ರ ಲೋ ಕಟ್ ಚಾನೆಲ್ ಒಳಗಿನದು. ನೀವು ಲೋ ಕಟ್ ಹಾಕಿದ್ದರೂ ಹಸಿ ಟ್ರ್ಯಾಕ್‌ನಲ್ಲಿ ಅದು ಇರಲ್ಲ. ವೇದಿಕೆ ಹಲಗೆಯ ದಡಬಡ, ಗಾಳಿಯ ಸದ್ದು ಎಲ್ಲಾ ಬರುತ್ತೆ. ಹೆದರಬೇಡಿ, ಮಿಕ್ಸ್‌ನಲ್ಲಿ ತೆಗೆದರಾಯಿತು.

ಮೂರನೆಯದನ್ನು ಬಹಳ ಜನ ಯೋಚಿಸಿರಲ್ಲ. ಮ್ಯೂಟ್ ಒತ್ತಿದರೂ ಹಸಿ ಟ್ರ್ಯಾಕ್ ರೆಕಾರ್ಡ್ ಆಗುತ್ತಲೇ ಇರುತ್ತೆ. ಕಲಾವಿದರು ಮೈಕ್ ಆಫ್ ಆಗಿದೆ ಎಂದುಕೊಂಡು ಪಕ್ಕದವರ ಹತ್ತಿರ ಏನೋ ಮಾತಾಡುತ್ತಾರೆ. ಅವರಿಗೆ ಮೊದಲೇ ಒಂದು ಮಾತು ಹೇಳಿ. ಆ ಫೈಲ್ ಸಿಕ್ಕಸಿಕ್ಕವರಿಗೆಲ್ಲ ಕೊಡಬೇಡಿ. ಇದು ಅವರ ಮರ್ಯಾದೆಯ ಪ್ರಶ್ನೆ.

ಬೆಂಗಳೂರು, ಸುಗಮ ಸಂಗೀತ ಕಾರ್ಯಕ್ರಮಗಳ ಸೌಂಡ್

ಮೈಸೂರಿನ ಮೇಡಂ ಹೇಳಿದ್ದು ಸರಿ, ಆದರೆ ಸಂಘಟಕರು ಮರುದಿನವೇ ಫೈಲ್ ಕೇಳುತ್ತಾರೆ ಅಲ್ವಾ? ಆಗ ಇಕ್ಯೂ, ಕಂಪ್ರೆಸರ್ ಆದ ಟ್ರ್ಯಾಕ್ ಇದ್ದರೆ ಅರ್ಧ ಕೆಲಸ ಮುಗಿದಂತೆ. 32 ಟ್ರ್ಯಾಕ್ ಇದೆ, ಎರಡನ್ನೂ ತೆಗೆದುಕೊಳ್ಳಿ.

ನಾನು ಮಾಡುವುದು ಹೀಗೆ. ಕಾರ್ಡ್ 1-16ಕ್ಕೆ ಸ್ಟೇಜ್ ಬಾಕ್ಸ್‌ನ ಹಸಿ ಧ್ವನಿ. ಕಾರ್ಡ್ 17-32ಕ್ಕೆ ಪಿ16 1-8, ಪಿ16 9-16. ಪಿ16 ಎಂದರೆ ಕಲಾವಿದರ ಪರ್ಸನಲ್ ಮಾನಿಟರ್‌ಗೆ ಇರುವ ಹದಿನಾರು ಔಟ್. ಆ ಮಾನಿಟರ್ ನಮ್ಮ ಹತ್ತಿರ ಇಲ್ಲದಿದ್ದರೂ ಆ ದಾರಿ ಖಾಲಿ ಇರುತ್ತೆ. ಪಿ16 ಪುಟದಲ್ಲಿ ಒಂದೊಂದಕ್ಕೂ ಚಾನೆಲ್ ಆರಿಸಿ, ಟ್ಯಾಪ್ (ಧ್ವನಿ ತೆಗೆಯುವ ಜಾಗ) ಅನ್ನು ಪ್ರೀ ಫೇಡರ್, ಅಂದರೆ ಫೇಡರ್‌ಗಿಂತ ಮೊದಲು ಇಡಿ. ಇಕ್ಯೂ, ಕಂಪ್ರೆಸರ್ ಎಲ್ಲಾ ಸೇರುತ್ತೆ, ಫೇಡರ್ ಆಟ ಸೇರಲ್ಲ. ಕೊನೆಯ ಎರಡಕ್ಕೆ ಮೇನ್ ಎಲ್, ಆರ್ ಕೊಡಿ. ನಿಮ್ಮ ನಿರೂಪಕರ ರಿಸೀವರ್ ಅನ್ನು ಸ್ಟೇಜ್ ಬಾಕ್ಸ್‌ನ 13ನೇ ಸಾಕೆಟ್‌ಗೆ ಹಾಕಿದರೆ ಲೋಕಲ್ ಗುಂಪೇ ಬೇಕಾಗಲ್ಲ.

ಮೇನ್ ಅನ್ನೂ ಪ್ರೀ ಫೇಡರ್ ಟ್ಯಾಪ್‌ನಲ್ಲೇ ರೆಕಾರ್ಡ್ ಮಾಡಿ. ಪೋಸ್ಟ್ ಫೇಡರ್ ಇದ್ದರೆ ಮಧ್ಯೆ ಮಾಸ್ಟರ್ ಇಳಿಸಿದಾಗ ರೆಕಾರ್ಡಿಂಗ್ ಕೂಡ ಇಳಿಯುತ್ತೆ. ಆದರೆ ಒಂದು ಎಚ್ಚರ. ಔಟ್ 15, 16ರಿಂದಲೇ ನಿಮ್ಮ ಸ್ಪೀಕರ್‌ಗೆ ಹೋಗುತ್ತಿದ್ದರೆ ಅಲ್ಲಿ ಟ್ಯಾಪ್ ಬದಲಾಯಿಸಬೇಡಿ, ಮಾಸ್ಟರ್ ಫೇಡರ್ ಸ್ಪೀಕರ್‌ಗೆ ಕೆಲಸ ಮಾಡುವುದು ನಿಲ್ಲುತ್ತೆ. ಪಿ16 ದಾರಿಯಲ್ಲಿ ಆ ತಾಪತ್ರಯ ಇಲ್ಲ.

ಎಕ್ಸ್ಆರ್18 ಇಟ್ಟುಕೊಂಡವರೂ ಕೇಳುತ್ತಿರುತ್ತಾರೆ. ಅದರಲ್ಲಿ ಯುಎಸ್‌ಬಿಗೆ 18 ಟ್ರ್ಯಾಕ್ ಹೋಗುತ್ತೆ, 18 ವಾಪಸ್ ಬರುತ್ತೆ. ಆ್ಯಪ್‌ನಲ್ಲಿ ಯುಎಸ್‌ಬಿ ಸೆಂಡ್ಸ್ ಪುಟದಲ್ಲಿ ಒಂದೊಂದಕ್ಕೂ ಬೇರೆ ಬೇರೆಯಾಗಿ ಜಾಗ ಆರಿಸಬಹುದು, ಎಂಟರ ಗುಂಪು ಇಲ್ಲ. ಅದೇ ಸಾಲಿನ ಎಕ್ಸ್ಆರ್16, ಎಕ್ಸ್ಆರ್12 ಕೊಳ್ಳುವವರು ಗಮನಿಸಿ, ಅವೆರಡರಲ್ಲಿ ಲ್ಯಾಪ್‌ಟಾಪ್‌ಗೆ ಮಲ್ಟಿಟ್ರ್ಯಾಕ್ ಇಲ್ಲ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಾರ್ಡ್ ಪುಟ ಬದಲಾಯಿಸಿದೆ, ಗೋಡೌನ್‌ನಲ್ಲೇ ಹನ್ನೆರಡು ಮೈಕ್ ಹಾಕಿ ನೋಡಿದೆ. ಎಲ್ಲಾ ಬೇರೆ ಬೇರೆ ಬಂತು. ಈಗ ಅದನ್ನು ಮಿಕ್ಸರ್‌ನಲ್ಲೇ ಪ್ಲೇ ಮಾಡಿ, ಮಿಕ್ಸರ್ ಫೇಡರ್‌ನಲ್ಲೇ ಮಿಕ್ಸ್ ಮಾಡುವ ಆಸೆ. ಮೌಸ್ ಹಿಡಿದು ಮಿಕ್ಸ್ ಮಾಡಲು ಕೈ ಬರಲ್ಲ. ರೀಪರ್‌ನಲ್ಲಿ ಪ್ಲೇ ಒತ್ತಿದರೆ ಚಾನೆಲ್‌ಗಳಲ್ಲಿ ಏನೂ ಬರುತ್ತಿಲ್ಲ.

ಉಡುಪಿ, ಲೈವ್ ಸೌಂಡ್ ಎಂಜಿನಿಯರ್

ಎರಡು ಕಡೆ ಕೆಲಸ ಇದೆ.

ರೀಪರ್‌ನಲ್ಲಿ ಪ್ರತಿ ಟ್ರ್ಯಾಕ್‌ನ ರೂಟ್ ಬಟನ್ ಒತ್ತಿ. ಮಾಸ್ಟರ್ ಸೆಂಡ್ ಟಿಕ್ ತೆಗೆಯಿರಿ. ಹಾರ್ಡ್‌ವೇರ್ ಔಟ್‌ಪುಟ್ ಸೇರಿಸಿ, 1ನೇ ಟ್ರ್ಯಾಕ್‌ಗೆ ಮೋನೋ 1, 2ನೇ ಟ್ರ್ಯಾಕ್‌ಗೆ ಮೋನೋ 2, ಹೀಗೆ ಕೊಡಿ. ಒಮ್ಮೆ ಮಾಡಿ ಟೆಂಪ್ಲೇಟ್ ಆಗಿ ಸೇವ್ ಮಾಡಿದರೆ ಮತ್ತೆ ಮತ್ತೆ ಮಾಡಬೇಕಿಲ್ಲ. ಅದೇ ಟೆಂಪ್ಲೇಟ್‌ನಲ್ಲಿ ಟ್ರ್ಯಾಕ್ ಹೆಸರೂ ಬರೆದಿಡಿ, ಫೈಲ್ ಹೆಸರಿನಲ್ಲೇ ‘ಮದ್ದಳೆ ಬಲ’, ‘ಚಂಡೆ’ ಅಂತ ಬರುತ್ತೆ. ಬೇರೆಯವರಿಗೆ ಕಳಿಸುವಾಗ ಪುಣ್ಯ ಬರುತ್ತೆ ನಿಮಗೆ.

ಮಿಕ್ಸರ್‌ನಲ್ಲಿ ರೂಟಿಂಗ್‌ನ ಇನ್‌ಪುಟ್ಸ್ ಪುಟಕ್ಕೆ ಹೋಗಿ. ಅಲ್ಲಿ ರೆಕಾರ್ಡ್, ಪ್ಲೇ ಎಂದು ಎರಡು ಆಯ್ಕೆ ಇದೆ. ರೆಕಾರ್ಡ್‌ನಲ್ಲಿ ನಿಮ್ಮ ಮಾಮೂಲಿ ಜೋಡಣೆ ಇರಲಿ. ಪ್ಲೇ ಕಡೆ 1-8ಕ್ಕೆ ಕಾರ್ಡ್ 1-8, 9-16ಕ್ಕೆ ಕಾರ್ಡ್ 9-16, 17-24ಕ್ಕೆ ಕಾರ್ಡ್ 17-24 ಕೊಡಿ. ಪ್ಲೇಗೆ ತಿರುಗಿಸಿದ ಕೂಡಲೇ ಚಾನೆಲ್‌ಗಳು ಮೈಕ್ ಬಿಟ್ಟು ಲ್ಯಾಪ್‌ಟಾಪ್ ಕಡೆ ನೋಡುತ್ತವೆ. ಭಾಗವತರು ರೆಕಾರ್ಡ್ ಆದ ಚಾನೆಲ್‌ನಲ್ಲೇ ವಾಪಸ್ ಬರುತ್ತಾರೆ, ಅದೇ ಇಕ್ಯೂ, ಅದೇ ಫೇಡರ್. ನಂಬರ್ ಒಂದೇ ಇರಲಿ ಅಂದದ್ದು ಇದಕ್ಕೇ.

ಮಿಕ್ಸ್ ಆದದ್ದನ್ನು ಮತ್ತೆ ರೀಪರ್‌ಗೆ ತೆಗೆದುಕೊಳ್ಳಲು ಹೊಸದೊಂದು ಸ್ಟೀರಿಯೋ ಟ್ರ್ಯಾಕ್ ಮಾಡಿ ಇನ್‌ಪುಟ್ 31/32 ಕೊಡಿ. ಮೇನ್ ಅಲ್ಲಿಗೇ ಬರುತ್ತಿದೆಯಲ್ಲ. ಆ ಟ್ರ್ಯಾಕ್‌ಗೆ ಮಾಸ್ಟರ್ ಸೆಂಡ್ ಬೇಡ, ಹಾರ್ಡ್‌ವೇರ್ ಔಟ್ ಬೇಡ, ಮಾನಿಟರ್ ಕೂಡ ಆಫ್ ಇರಲಿ. ಮಿಕ್ಸರ್‌ನ 25-32ನೇ ಚಾನೆಲ್‌ಗಳಿಗೆ ಕಾರ್ಡ್ 25-32 ಕೊಡಲೇಬೇಡಿ. ಕೊಟ್ಟರೆ ಮೇನ್ ಲ್ಯಾಪ್‌ಟಾಪ್‌ಗೆ ಹೋಗಿ, ಅಲ್ಲಿಂದ ಚಾನೆಲ್‌ಗೆ ಬಂದು, ಮತ್ತೆ ಮೇನ್‌ಗೆ ಸೇರಿ ಕೂಗಲು ಶುರುವಾಗುತ್ತೆ. ಮೊದಲ ಸಲ ಪ್ಲೇ ಮಾಡುವಾಗ ಆಂಪ್ಲಿಫೈಯರ್ ಆಫ್ ಇಟ್ಟು ಹೆಡ್‌ಫೋನ್‌ನಲ್ಲಿ ಕೇಳಿ.

ಇದರಿಂದ ಇನ್ನೊಂದು ದೊಡ್ಡ ಲಾಭ ಇದೆ. ಮುಂದಿನ ಸಲ ಅದೇ ತಂಡ ಬಂದರೆ, ಕಲಾವಿದರು ಬರುವ ಮೊದಲೇ ಹಳೆಯ ರೆಕಾರ್ಡಿಂಗ್ ಪ್ಲೇ ಮಾಡಿ ಹಾಲ್‌ಗೆ ಹೊಂದಿಸಬಹುದು. ಆಮೇಲೆ ರೆಕಾರ್ಡ್ ಕಡೆಗೆ ತಿರುಗಿಸಿದ್ದೀರಾ ಎಂದು ಒಂದು ಮೈಕ್ ತಟ್ಟಿ ನೋಡಿ.

ಶಿರಸಿ, ಯಕ್ಷಗಾನ ರೆಕಾರ್ಡಿಂಗ್ ಮಾಡುವವರು

ನನ್ನದು ಡಿಸ್ಕ್, ಕರೆಂಟ್ ಎರಡರ ಮಾತು. ನಮ್ಮಲ್ಲಿ ಇಡೀ ರಾತ್ರಿ ಆಟ.

24 ಬಿಟ್, 48 ಕಿಲೋಹರ್ಟ್ಜ್‌ನಲ್ಲಿ ಒಂದು ಮೋನೋ ಟ್ರ್ಯಾಕ್ ಗಂಟೆಗೆ ಸುಮಾರು 518 ಎಂಬಿ. 16 ಟ್ರ್ಯಾಕ್‌ಗೆ 8.3 ಜಿಬಿ, 32 ಟ್ರ್ಯಾಕ್‌ಗೆ 16.6 ಜಿಬಿ. ಎಂಟು ಗಂಟೆಯ ಆಟ 16 ಟ್ರ್ಯಾಕ್‌ನಲ್ಲಿ 66 ಜಿಬಿ ಆಯಿತು. ಲ್ಯಾಪ್‌ಟಾಪ್ ಒಳಗಿನ ಎಸ್ಎಸ್‌ಡಿಗೆ ರೆಕಾರ್ಡ್ ಮಾಡಿ, ಮುಗಿದ ಮೇಲೆ ಹೊರಗಿನ ಡಿಸ್ಕ್‌ಗೆ ಕಾಪಿ. ಹೊರಗಿನ ಡಿಸ್ಕ್ ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯಲ್ಲ. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್ಎಸ್ ಮಾಡಿಕೊಳ್ಳಿ. ಪ್ರಸಂಗ ಬದಲಾಗುವಾಗ ಒಮ್ಮೆ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಫೈಲ್ ಹದವಾಗಿರುತ್ತೆ. ಹುಡುಕಲೂ ಸುಲಭ.

ಬಯಲಿನಲ್ಲಿ ಜನರೇಟರ್ ಮೇಲೆ ನಡೆಯುತ್ತಿದ್ದರೆ ಮಿಕ್ಸರ್, ಸ್ಟೇಜ್ ಬಾಕ್ಸ್ ಎರಡಕ್ಕೂ ಯುಪಿಎಸ್ ಕೊಡಿ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ ಸರಿ, ಮಿಕ್ಸರ್ ಒಂದು ಕ್ಷಣ ಆರಿದರೂ ಕಾರ್ಡ್ ಕಡಿದುಹೋಗುತ್ತೆ, ರೆಕಾರ್ಡಿಂಗ್ ನಿಲ್ಲುತ್ತೆ. ವಿಂಡೋಸ್ ಅಪ್‌ಡೇಟ್, ವೈಫೈ, ಸ್ಲೀಪ್ ಎಲ್ಲಾ ಆಫ್.

ಲ್ಯಾಪ್‌ಟಾಪ್ ತಲೆನೋವೇ ಬೇಡ ಅಂದರೆ ಎಕ್ಸ್-ಲೈವ್ ಕಾರ್ಡ್ ಹಾಕಿಸಬಹುದು. ಎರಡು ಎಸ್‌ಡಿ ಕಾರ್ಡ್‌ಗೆ ನೇರವಾಗಿ 32 ಟ್ರ್ಯಾಕ್ ರೆಕಾರ್ಡ್ ಮಾಡುತ್ತೆ. ಅದರ ಫೈಲ್ 32 ಬಿಟ್‌ನದು, ಹಾಗಾಗಿ 32 ಜಿಬಿಯ ಒಂದು ಕಾರ್ಡ್ ಹೆಚ್ಚೆಂದರೆ ಒಂದೂವರೆ ಗಂಟೆ ಅಷ್ಟೇ. ತಾಳಮದ್ದಳೆಗೆ 16 ಟ್ರ್ಯಾಕ್ ಇಟ್ಟುಕೊಂಡರೆ ಎರಡು ಪಟ್ಟು ಸಮಯ ಸಿಗುತ್ತೆ. ಎಲ್ಲಾ ಟ್ರ್ಯಾಕ್ ಒಂದೇ ಫೈಲ್‌ನಲ್ಲಿ ಕೂತಿರುತ್ತೆ, ಆಮೇಲೆ ಬಿಡಿಸಿಕೊಳ್ಳಬೇಕು. ಅದಕ್ಕೆ ಪುಟ್ಟ ಬ್ಯಾಟರಿ ಹಾಕುವ ಜಾಗ ಇದೆ, ಕರೆಂಟ್ ಹೋದರೂ ಫೈಲ್ ಸರಿಯಾಗಿ ಮುಚ್ಚಿಕೊಳ್ಳುತ್ತೆ. ಆ ಬ್ಯಾಟರಿ ತಪ್ಪದೆ ಹಾಕಿ.

ಮೈಸೂರು, ಸ್ಟುಡಿಯೋದಲ್ಲಿ ಮಿಕ್ಸಿಂಗ್ ಮಾಡುವವರು

ಮಿಕ್ಸ್ ಬಗ್ಗೆಯೂ ಸ್ವಲ್ಪ ಹೇಳುತ್ತೇನೆ, ಏಕೆಂದರೆ ತಾಳಮದ್ದಳೆಯ ಕಷ್ಟ ಬೇರೆ ಸಂಗೀತದ ಹಾಗಲ್ಲ.

ಹಾಲ್ ಮಿಕ್ಸ್ ಕೇಳಿದರೆ ಚಂಡೆ ಇದ್ದೂ ಇಲ್ಲದ ಹಾಗೆ ಇರುತ್ತೆ. ಚಂಡೆಗೆ ಹಾಲ್‌ನಲ್ಲಿ ಮೈಕ್ ಜಾಸ್ತಿ ಬೇಕಾಗಲ್ಲ, ಫೇಡರ್ ಕೆಳಗೇ ಇರುತ್ತೆ. ಎರಡು ಟ್ರ್ಯಾಕ್‌ನ ಮೇನ್ ರೆಕಾರ್ಡಿಂಗ್ ಕೇಳಿದವರಿಗೆ ಹಿಮ್ಮೇಳವೇ ಸೊರಗಿದಂತೆ ಅನ್ನಿಸುವುದು ಇದಕ್ಕೇ. ಹಸಿ ಟ್ರ್ಯಾಕ್‌ನಲ್ಲಿ ಚಂಡೆ ಪೂರ್ತಿ ಮಟ್ಟದಲ್ಲಿ ಇರುತ್ತೆ. ಆದರೆ ಅದೇ ಚಂಡೆ ಭಾಗವತರ ಮೈಕ್‌ನಲ್ಲೂ, ಅರ್ಥಧಾರಿಗಳ ಐದೂ ಮೈಕ್‌ನಲ್ಲೂ ನುಗ್ಗಿರುತ್ತೆ. ಐದೂ ತೆರೆದಿಟ್ಟರೆ ಚಂಡೆ ದೂರದ ಗುಹೆಯಲ್ಲಿ ಬಾರಿಸಿದ ಹಾಗೆ ಕೇಳುತ್ತೆ.

ಗೇಟ್ ಹಾಕಬೇಡಿ. ಚಂಡೆಯ ಪೆಟ್ಟಿಗೇ ಗೇಟ್ ತೆರೆದುಕೊಳ್ಳುತ್ತೆ, ಅರ್ಥಧಾರಿಯ ಮೆಲುದನಿಗೆ ಮುಚ್ಚಿಕೊಳ್ಳುತ್ತೆ. ಕೈಯಿಂದಲೇ ಮಾಡಿ. ಒಬ್ಬರು ಮಾತಾಡುವಾಗ ಉಳಿದ ನಾಲ್ಕು ಮೈಕ್ ಅನ್ನು 12 ಡಿಬಿಯಷ್ಟು ಇಳಿಸಿ. ಪೂರ್ತಿ ಕತ್ತರಿಸಬೇಡಿ, ಪ್ರತಿ ಸಲ ಹಿನ್ನೆಲೆ ಬದಲಾದದ್ದು ಕಿವಿಗೆ ಹೊಡೆಯುತ್ತೆ. ಎದುರಾಳಿ ಮಧ್ಯೆ ‘ಹೌದೋ!’ ಅಂದರೆ ಅದು ಸಿಗಬೇಕು. ಸಂವಾದದ ಜೀವ ಇರುವುದು ಅಲ್ಲೇ. ಪದ್ಯ ಶುರುವಾದಾಗ ಐದನ್ನೂ ಇಳಿಸಿ, ಹಿಮ್ಮೇಳ ಏರಿಸಿ. ಇದು ನಿಧಾನದ ಕೆಲಸ, ಆದರೆ ತಾಳಮದ್ದಳೆ ಬಲ್ಲವರೇ ಕೂತು ಮಾಡಬಹುದಾದ ಕೆಲಸ. ನೀವು ಫೇಡರ್ ಹಿಡಿದು ಮಾಡುತ್ತೇನೆ ಅಂದದ್ದು ನನಗೆ ತುಂಬಾ ಇಷ್ಟವಾಯಿತು.

ಸಭೆಯ ಮೈಕ್ ಎಲ್ಲಿಡುತ್ತೀರಿ ನೋಡಿಕೊಳ್ಳಿ. ಧ್ವನಿ ಒಂದು ಮೀಟರ್ ಹೋಗಲು ಸುಮಾರು 2.9 ಮಿಲಿಸೆಕೆಂಡ್ ಬೇಕು. ಸ್ಪೀಕರ್‌ನಿಂದ 15 ಮೀಟರ್ ಹಿಂದೆ ಇಟ್ಟರೆ 43 ಮಿಲಿಸೆಕೆಂಡ್ ತಡ. ಹಾಗೇ ಸೇರಿಸಿದರೆ ಪ್ರತಿ ಮಾತಿಗೂ ಬಾಲ ಬೆಳೆದಂತೆ ಕೇಳುತ್ತೆ. ರೀಪರ್‌ನಲ್ಲಿ ಚಂಡೆಯ ಒಂದು ಒಂಟಿ ಪೆಟ್ಟು ಹುಡುಕಿ. ಚಂಡೆ ಟ್ರ್ಯಾಕ್‌ನಲ್ಲಿ ಅದು ಎಲ್ಲಿ ಶುರುವಾಗುತ್ತೆ, ಸಭೆಯ ಟ್ರ್ಯಾಕ್‌ನಲ್ಲಿ ಎಲ್ಲಿ ಶುರುವಾಗುತ್ತೆ ನೋಡಿ, ಆ ಅಂತರದಷ್ಟು ಸಭೆಯ ಎರಡೂ ಟ್ರ್ಯಾಕ್ ಅನ್ನು ಎಡಕ್ಕೆ, ಅಂದರೆ ಬೇಗ ಬರುವ ಹಾಗೆ ಎಳೆಯಿರಿ. ಮಿಕ್ಸರ್‌ನಲ್ಲೇ ಮಿಕ್ಸ್ ಮಾಡುವುದಾದರೂ ಈ ಕೆಲಸವನ್ನು ಮೊದಲು ರೀಪರ್‌ನಲ್ಲಿ ಮುಗಿಸಿಕೊಳ್ಳಿ. ಮಿಕ್ಸರ್‌ನ ಡಿಲೇ ತಡ ಮಾಡಬಲ್ಲದು, ಬೇಗ ಮಾಡಲಾರದು. ನಿಮ್ಮ ಎರಡು ಮೈಕ್ ವೇದಿಕೆ ಅಂಚಿನಲ್ಲೇ ಸಭೆ ಕಡೆ ಮುಖ ಮಾಡಿದ್ದರೆ ಇಷ್ಟೆಲ್ಲ ಬೇಕಾಗಲ್ಲ, ನನ್ನ ಮತ ಅದಕ್ಕೇ.

ಶ್ರುತಿಪೆಟ್ಟಿಗೆ ಲೈನ್‌ನಲ್ಲಿ ಬಂದರೂ ಭಾಗವತರ ಮೈಕ್‌ನಲ್ಲೂ ಸ್ವಲ್ಪ ಕೇಳುತ್ತಿರುತ್ತೆ. ಲೈನ್ ಟ್ರ್ಯಾಕ್ ಅನ್ನು ತೀರಾ ಮೆಲ್ಲಗೆ ಇಟ್ಟರೆ ಸಾಕು. ಮದ್ದಳೆಯ ಎರಡು ಮೈಕ್ ಸೇರಿಸಿದಾಗ ದಪ್ಪ ಕಡಿಮೆಯಾದರೆ ಒಂದರ ಪೊಲಾರಿಟಿ (ಧ್ವನಿ ಅಲೆಯ ಪ್ಲಸ್, ಮೈನಸ್) ತಿರುಗಿಸಿ ಕೇಳಿ, ಯಾವುದರಲ್ಲಿ ಬಲ ಜಾಸ್ತಿಯೋ ಅದನ್ನೇ ಇಡಿ.